ಐದೂರು, ಒಂದು ಕ್ಯಾಮೆರಾ, ಇಪ್ಪತ್ತು ಫೋಟೊ

ನಮ್ಮ ಸೇಡಂ ಕಡೆ ‘ನಿಮ್ಮ ಹುಡುಗ ಏನ್ ಓದ್ಲಾಕತ್ತಾನ್ರೀ?’ ಎಂದು ಕೇಳಿದವರಿಗೆ ‘ಬಿಇ’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ‘ಫೋಟೊಗ್ರಫಿ’ ಎಂದರೆ ಅಲ್ಲಿಂದ ಮಾತು ಶುರು. ‘ಅದಕ್ಕೂ ಕಾಲೇಜ್ ಅದ ಏನ್ರೀ?’ ಎಂಬುದು ಮೊದಲ ಪ್ರಶ್ನೆ. ‘ನಾಕ್ ವರ್ಷ ಏನ್ ಕಲಸ್ತಾರ?’ ಎಂಬುದು ಎರಡನೆಯದು. ಕೊನೆಗೆ, ‘ಇರ್ಲಿ ಬಿಡ್ರಿ, ಬಸ್‌ಸ್ಟ್ಯಾಂಡ್ ಬಾಜೂಕ ಒಂದ್ ಸ್ಟುಡಿಯೊ ಹಾಕಿಕೊಟ್ರ ಆಯ್ತು’ ಎಂಬ ಸಮಾಧಾನ.

ನಾನು ಮಾತು ಮುಗಿಸುವ ಗುಂಪಿನವನು. ಕಲಬುರಗಿಯಲ್ಲಿ ಮೆಕ್ಯಾನಿಕಲ್, ಐದನೇ ಸೆಮಿಸ್ಟರ್ ಮುಗಿಸಿದ್ದೇನೆ. ನಮ್ಮ ಸೋದರಮಾವನ ಮಗ ಮಾತು ಶುರು ಮಾಡಿಸುವ ಗುಂಪಿನವನು. ಇಬ್ಬರಿಗೂ ಇಪ್ಪತ್ತು ವರ್ಷ, ಪಿಯುಸಿಯಲ್ಲಿ ಒಂದೇ ಬೆಂಚು. ಸಿಇಟಿ ಮುಗಿದ ಮೇಲೆ ಅವನು ರೈಲು ಹತ್ತಿ ಹೈದರಾಬಾದಿಗೆ ಹೋದ, ಬಿಎಫ್‌ಎ ಛಾಯಾಗ್ರಹಣ ಸೇರಿದ. ಅಲ್ಲಿನ ಜವಾಹರಲಾಲ್ ನೆಹರು ಆರ್ಕಿಟೆಕ್ಚರ್ ಅಂಡ್ ಫೈನ್ ಆರ್ಟ್ಸ್ ವಿಶ್ವವಿದ್ಯಾಲಯದಲ್ಲಿ ಇಂಥ ಪದವಿ ಇದೆ. ನಮ್ಮ ರಾಜ್ಯದಲ್ಲೇ ಓದಬೇಕೆನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ) ಇದೆ. ಸಿನಿಮಾ ಕ್ಯಾಮೆರಾ ಬೇಕಿದ್ದರೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ‘ಕಾಗಜ್ ಕೆ ಫೂಲ್’ ಚಿತ್ರದ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ ಅವರು ಕಲಿತದ್ದೂ ಬೆಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲೇ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಇಷ್ಟೆಲ್ಲ ಇದ್ದರೂ ನಮ್ಮ ಪಿಯು ಕಾಲೇಜಿಗೆ ಬಂದ ಯಾವ ಕರಿಯರ್ ಗೈಡನ್ಸ್ ಭಾಷಣದಲ್ಲೂ ಈ ಹೆಸರುಗಳು ಕೇಳಿಬರಲಿಲ್ಲ.

ಮಾಮಾ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಎರಡು ಎಕರೆ ತೊಗರಿ ಹೊಲವಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ದರಕ್ಕೆ ಮಾತ್ರ ಯಾರ ಮಾನ್ಯತೆಯೂ ಇಲ್ಲ. ಆ ತೊಗರಿ ದುಡ್ಡಿನಲ್ಲೇ ಇವನ ಫೀ, ರೂಮ್ ಬಾಡಿಗೆ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಎಲ್ಲ ಆಗಬೇಕು. ಕಳೆದ ದೀಪಾವಳಿ ಹೊತ್ತಿಗೆ ಹೈದರಾಬಾದಿನ ಒಂದು ವೆಡ್ಡಿಂಗ್ ಸ್ಟುಡಿಯೊದವರು ಇವನಿಗೆ, ‘ಕಾಲೇಜು ಬಿಟ್ಟು ಬಾ, ತಿಂಗಳಿಗೆ 22 ಸಾವಿರ ಕೊಡ್ತೀವಿ. ಯುಗಾದಿ ಒಳಗೆ ಸೇರಬೇಕು’ ಎಂದರು. ಮಾಮಾನಿಗೆ ಇದು ಬೇಡ ಎನ್ನುವ ಮಾತಾಗಿರಲಿಲ್ಲ. ಇವನಿಗೆ ನಾಲ್ಕನೇ ವರ್ಷ ಮುಗಿಸಬೇಕು, ಆಮೇಲೆ ಗಾಂಧಿನಗರದ ಎನ್‌ಐಡಿಯಲ್ಲಿ ಫೋಟೊಗ್ರಫಿ ಡಿಸೈನ್ ಸ್ನಾತಕೋತ್ತರಕ್ಕೆ ಪ್ರಯತ್ನ ಮಾಡಬೇಕು ಎಂಬ ಆಸೆ.

ಮಾಮಾನನ್ನು ಒಪ್ಪಿಸುವ ಕೆಲಸ ನನಗೆ ಬಂತು. ನಾನು ರಾಜಾ ದೀನದಯಾಳರ ಕಥೆ ಹೇಳಿದೆ. ಅವರು (1844–1905) ಓದಿದ್ದು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್. ಇವತ್ತಿನ ಐಐಟಿ ರೂರ್ಕಿ ಅದೇ. ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿ, ಎಸ್ಟಿಮೇಟ್ ಹಾಕುವ ಕೆಲಸ. ಕ್ಯಾಮೆರಾ ಹಿಡಿದದ್ದು 1874ರಲ್ಲಿ. ಆಮೇಲೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು, ಸಿಕಂದರಾಬಾದಿನಲ್ಲಿ ಸ್ಟುಡಿಯೊ ನಡೆಸಿದರು. ನಮ್ಮ ಜಿಲ್ಲೆಯೂ ಆಗ ನಿಜಾಮರ ರಾಜ್ಯದಲ್ಲೇ ಇತ್ತು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡತೊಡಗಿದ್ದೂ ಅದೇ 1874ರಲ್ಲಿ. ಇಷ್ಟು ತಯಾರಿ ಮಾಡಿಕೊಂಡು ಹೋಗಿ ಹೇಳಿದರೆ, ಮಾಮಾ ಎಲೆ ಅಡಿಕೆ ಮಡಚುತ್ತ ಒಂದೇ ಮಾತು ಕೇಳಿದರು: ‘ಅವರಿಗಿ ನಿಜಾಮ ಇದ್ದ. ಇವನಿಗಿ ಯಾರ್ ಅದಾರ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಆಗ ಅವನೇ ಬಾಯಿಬಿಟ್ಟ. ‘ಜನವರಿ ಮುಗಿಯೋದ್ರಾಗ 20 ಫೋಟೊ ತಂದು ನಿಮ್ಮ ಮುಂದ ಇಡ್ತೀನಿ. ನೋಡಿ ನೀವೇ ಹೇಳ್ರಿ. ಬ್ಯಾಡ ಅಂದ್ರ ಸ್ಟುಡಿಯೊಕ್ಕ ಹೋಗ್ತೀನಿ.’

ಪೋರ್ಟ್‌ಫೋಲಿಯೊ ಎಂದರೆ ಚೆಂದದ ಫೋಟೊಗಳ ಆಲ್ಬಮ್ ಎಂದೇ ನಾನು ತಿಳಿದಿದ್ದೆ. ಸೂರ್ಯಾಸ್ತ ಒಂದು, ಮುದುಕರ ಸುಕ್ಕುಗಟ್ಟಿದ ಮುಖ ಒಂದು, ಮಳೆಹನಿ ಒಂದು. ಹಾಗಲ್ಲವಂತೆ. ಕಾಲೇಜಿನ ಪ್ರವೇಶವಿರಲಿ, ಪತ್ರಿಕೆಯ ಕೆಲಸವಿರಲಿ, ಎದುರಿಗೆ ಕುಳಿತವರಿಗೆ ಬೇಕಾದದ್ದು ಈ ಹುಡುಗ ಒಂದು ವಿಷಯ ಹಿಡಿದು ಎಷ್ಟು ದೂರ ಹೋಗಬಲ್ಲ ಎಂಬುದು. ಇವನ ಹತ್ತಿರ ಇದ್ದದ್ದು 50 ಎಂಎಂ ಲೆನ್ಸ್ ಒಂದೇ. ಜೂಮ್ ಇಲ್ಲ, ಹತ್ತಿರ ಬೇಕಾದರೆ ಕಾಲಲ್ಲಿ ನಡೆಯಬೇಕು. ಊರು ಸುತ್ತಲು ನನ್ನ ಬೈಕು, ನನ್ನ ಸೆಮಿಸ್ಟರ್ ರಜೆ. ಪೆಟ್ರೋಲ್ ಅರ್ಧರ್ಧ ಎಂದು ಮಾತಾಯಿತು.

ಮೊದಲು ವಾಡಿ. ಜಂಕ್ಷನ್ನಿನಲ್ಲಿ ರೈಲು ಬದಲಿಸುವ ಜನರ ಫೋಟೊ ತೆಗೆಯೋಣ ಎಂದು ನನ್ನ ಆಸೆ. ನಿಲ್ದಾಣದೊಳಗೆ ವೃತ್ತಿಪರ ಫೋಟೊ ತೆಗೆಯಲು ರೈಲ್ವೆಯ ಅನುಮತಿ ಬೇಕು, ಕಾಗದ ಕೈಯಲ್ಲಿಲ್ಲದೆ ಒಳಗೆ ಕ್ಯಾಮೆರಾ ತೆಗೆಯಲ್ಲ ಎಂದ. ಹೊರಗೆ ಸುಣ್ಣಗಲ್ಲು ಹೊತ್ತ ಲಾರಿಗಳು ಹೋಗುವ ರಸ್ತೆಯ ಪಕ್ಕ ನಿಂತೆವು. ಬೇವಿನ ಮರಕ್ಕೆ ಬಿಳಿ ಬಣ್ಣ ಬಳಿದ ಹಾಗೆ ಧೂಳು. ಮೊದಲ ಫೋಟೊದಲ್ಲಿ ಆ ಬಿಳಿ ಕೊಳಕು ಬೂದಿಯಂತೆ ಬಂತು. ಕ್ಯಾಮೆರಾದ ಮೀಟರು ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೇ ಎಂದುಕೊಂಡು ಲೆಕ್ಕ ಹಾಕುತ್ತದಂತೆ. ಬಿಳಿಯನ್ನು ಬಿಳಿಯಾಗಿ ಉಳಿಸಬೇಕಾದರೆ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಒಂದು ಸ್ಟಾಪ್ ಎಂದರೆ ಎರಡರಷ್ಟು. ಲೆನ್ಸಿನ ಮೇಲೆ 1.4, 2, 2.8, 4, 5.6 ಎಂದು ಬರೆದಿತ್ತು. ಪ್ರತಿ ಸಂಖ್ಯೆಯೂ ಹಿಂದಿನದನ್ನು ಎರಡರ ವರ್ಗಮೂಲದಿಂದ ಗುಣಿಸಿದ್ದು, ಅಂದರೆ ಪ್ರತಿ ಸಲ ಕಂಡಿಯ ವಿಸ್ತೀರ್ಣ ಅರ್ಧ. ಇದು ನನಗೆ ಕೂಡಲೇ ಹೊಳೆಯಿತು. ‘ನಾಕ್ ವರ್ಷ ಏನ್ ಕಲಸ್ತಾರ’ ಎಂದು ಕೇಳುವವರಿಗೆ ಹೇಳಲು ನನಗೂ ಒಂದು ಸಿಕ್ಕಂತಾಯಿತು.

ಶಹಾಬಾದಿನಲ್ಲಿ ನಾಲ್ಕು ದಿನ ಹಿಡಿಯಿತು. ಎಲ್ಲಕ್ಕಿಂತ ಹೆಚ್ಚು ಕಲಿತದ್ದೂ ಅಲ್ಲೇ. ನಿಮ್ಮ ಮನೆಯ ನೆಲಕ್ಕೋ ಅಜ್ಜನ ಮನೆಯ ಪಡಸಾಲೆಗೋ ಹಾಸಿರುವ ಬೂದುಗಲ್ಲಿಗೆ ಶಹಾಬಾದ್ ಕಲ್ಲು ಎನ್ನುತ್ತಾರಲ್ಲ, ಅದು ಇಲ್ಲಿನದು. ನಾವು ಪರಸಿ ಎನ್ನುತ್ತೇವೆ. ಈ ಸುಣ್ಣಗಲ್ಲು ನೆಲದೊಳಗೆ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಗೆರೆ ಕೊರೆದು, ಉಳಿ ಸುತ್ತಿಗೆಯಲ್ಲಿ ಸಂದು ಬಿಡಿಸಿ, ಹಾರೆ ಹಾಕಿ ಎಬ್ಬಿಸುತ್ತಾರೆ. ಎಲ್ಲಿ ಹೊಡೆದರೆ ಕಲ್ಲು ಸೀಳುತ್ತದೆ, ಎಲ್ಲಿ ಹೊಡೆದರೆ ಒಡೆಯುತ್ತದೆ ಎಂಬುದನ್ನು ಏಟಿನ ಸದ್ದಿನಲ್ಲೇ ಹೇಳುವವರಿದ್ದಾರೆ. ನಾನು ಓದಿದ ಮಟೀರಿಯಲ್ ಸೈನ್ಸ್‌ನಲ್ಲಿ ಆ ಸದ್ದಿಗೆ ಒಂದು ಸಾಲೂ ಇರಲಿಲ್ಲ.

ಮೊದಲ ದಿನ ಅವನು ಕ್ಯಾಮೆರಾವನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಮಾಲೀಕರನ್ನು ಕಂಡು ಕೇಳಿದ, ಕೆಲಸಗಾರರ ಜೊತೆ ಚಹಾ ಕುಡಿದ, ಸುಮ್ಮನೆ ಕುಳಿತ. ನನಗೆ ಬೇಸರ ಬಂದು ಮೊಬೈಲ್ ನೋಡುತ್ತಿದ್ದೆ. ಎರಡನೇ ದಿನ ಕ್ಯಾಮೆರಾ ತೆಗೆದಾಗ ಒಬ್ಬ ಹಿರಿಯರು, ‘ತಮ್ಮಾ, ಮುಖ ಬ್ಯಾಡ. ಕೆಲಸ ಬೇಕಾದ್ರ ತೆಗಿ’ ಎಂದರು. ಅವರ ಕೈಗಳನ್ನು, ಹುಬ್ಬಿನ ಮೇಲೆ ಕೂತ ಪುಡಿಯನ್ನು ಹಿಂದಿನಿಂದ ತೆಗೆದ. ಇನ್ನೊಬ್ಬರು ನೇರವಾಗಿ ಕೇಳಿದರು: ‘ಇದ್ರಿಂದ ನಮಗೇನ್ ಬರ್ತದ?’

ಈ ಪ್ರಶ್ನೆಯನ್ನು ಬಹಳ ಜನ ಛಾಯಾಗ್ರಾಹಕರು ನಗುತ್ತ ದಾಟಿಹೋಗುತ್ತಾರೆ ಎಂದು ನನ್ನ ಅನಿಸಿಕೆ. ಇವನು, ‘ನಿಮಗೇನ್ ಬೇಕ್ರೀ?’ ಎಂದು ತಿರುಗಿ ಕೇಳಿದ. ಅವರಿಗೆ ಬೇಕಾಗಿದ್ದದ್ದು ಅರ್ಜಿಯೊಂದಕ್ಕೆ ಅಂಟಿಸಲು ಪಾಸ್‌ಪೋರ್ಟ್ ಅಳತೆಯ ಫೋಟೊ. ಪೇಟೆಗೆ ಹೋಗಿ ತೆಗೆಸಿದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಮೂರನೇ ದಿನ ಅತ್ತಿಯ ಬಿಳಿ ಚಾದರ ತಂದು, ಎಬ್ಬಿಸಿಟ್ಟ ಪರಸಿಗಳ ಮೇಲೆ ಇಳಿಬಿಟ್ಟು, ನೆರಳಿನಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿದ. ಹನ್ನೊಂದು ಜನ. ಒಬ್ಬರು ಮುಖ ತೊಳೆದುಕೊಂಡು ಬಂದರು, ಒಬ್ಬರು ಗೆಳೆಯನ ಅಂಗಿ ಕೇಳಿ ಹಾಕಿಕೊಂಡರು. ಒಂದೇ ಅಂಗಿಯಲ್ಲಿ ನಾಲ್ವರ ಫೋಟೊ ಬಂತು. ನಾಲ್ಕನೇ ದಿನ ಪ್ರಿಂಟ್ ಹಂಚಿದೆವು. ‘ಮುಖ ಬ್ಯಾಡ’ ಎಂದಿದ್ದ ಹಿರಿಯರೇ ಕರೆದು, ತಮ್ಮ ಉಳಿಯನ್ನು ಎದೆಗೆ ಹಿಡಿದು, ಕ್ಯಾಮೆರಾ ನೋಡುತ್ತ ನಿಂತರು. ಆ ಫೋಟೊ ಇಪ್ಪತ್ತರಲ್ಲಿ ಇದೆ.

ಚಿತ್ತಾಪುರಕ್ಕೆ ಹೊರಡುವ ಹೊತ್ತಿಗೆ ಅವನಿಗೆ ವಿಷಯ ಸಿಕ್ಕಿತ್ತು. ಜನವಲ್ಲ, ಊರಲ್ಲ, ಕಲ್ಲು. ಒಂದೇ ಸುಣ್ಣಗಲ್ಲು ಶಹಾಬಾದಿನಲ್ಲಿ ಹಾಸುಗಲ್ಲು, ವಾಡಿಯಲ್ಲಿ ಮತ್ತು ನಮ್ಮ ಸೇಡಂನಲ್ಲಿ ಸಿಮೆಂಟು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ದಂಡೆಯ ಬೌದ್ಧ ಸ್ತೂಪದ ಶಿಲ್ಪಗಳೂ ಇದೇ ಸುಣ್ಣಗಲ್ಲಿನವು. ಅಲ್ಲಿನ ಒಂದು ಫಲಕದಲ್ಲಿ ರಾಜನೊಬ್ಬ ಪರಿವಾರದೊಡನೆ ನಿಂತಿದ್ದಾನೆ, ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದೆ. ಅಶೋಕನ ಹೆಸರೇ ಬರೆದಿರುವ ಅವನ ಚಿತ್ರ ಎಂದು ಇದು ಜಗತ್ತಿನ ವಿದ್ವಾಂಸರ ಗಮನ ಸೆಳೆದದ್ದು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತಾಣಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಕೆತ್ತನೆ ಎದ್ದು ಕಾಣಬೇಕಾದರೆ ಬೆಳಕು ನೇರವಾಗಿ ಬೀಳಬಾರದು, ಅಡ್ಡದಿಂದ ಸವರಿಕೊಂಡು ಹೋಗಬೇಕು, ಅದಕ್ಕೆ ಬೆಳಗಿನ ಒಂದು ಗಂಟೆ ಅಷ್ಟೇ ಸಿಗುತ್ತದೆ. ಬಂದ ಚಿತ್ರಗಳು ಚೆನ್ನಾಗಿಯೇ ಇದ್ದವು. ‘ಪುಸ್ತಕದಾಗ ಇದಕ್ಕಿಂತ ಛಲೋ ಅವ’ ಎಂದು ಅವನೇ ತೆಗೆದುಹಾಕಿದ.

ಹತ್ತಿರದ ನಾಗಾವಿಯಲ್ಲಿ ಮಾತ್ರ ಒಂದು ಉಳಿಯಿತು. ಅಲ್ಲೊಂದು ಘಟಿಕಾಸ್ಥಾನವಿತ್ತು, ಆ ಕಾಲದ ವಿಶ್ವವಿದ್ಯಾಲಯ. 1058ರ ಶಾಸನದ ಪ್ರಕಾರ ಅಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 50 ವಿದ್ಯಾರ್ಥಿಗಳು, ಗ್ರಂಥ ಭಂಡಾರ ನೋಡಿಕೊಳ್ಳಲು ಆರು ಜನ. ನನ್ನ ಕಾಲೇಜಿನ ಲೈಬ್ರರಿಯಲ್ಲಿ ಇಬ್ಬರಿದ್ದಾರೆ! ಅರವತ್ತು ಕಂಬದ ಗುಡಿಯ ನೆರಳಲ್ಲಿ ಒಬ್ಬ ಹುಡುಗ ಕುಳಿತು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ಗೈಡ್ ಓದುತ್ತಿದ್ದ. ಮನೆಯಲ್ಲಿ ಟಿ.ವಿ. ಗದ್ದಲವಂತೆ. ಅವನನ್ನು ಕೇಳಿಯೇ ಫೋಟೊ ತೆಗೆದದ್ದು.

ಚಿಂಚೋಳಿಗೆ ರೈಲಿಲ್ಲ. ಐದರಲ್ಲಿ ರೈಲಿಲ್ಲದ ಊರು ಅದೊಂದೇ. ಅಲ್ಲಿನ ಕಾಡು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ, 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 134 ಚದರ ಕಿ.ಮೀ.ಗಿಂತ ಹೆಚ್ಚು. ಫೋಟೊ ಕಲಿಯುವ ಹುಡುಗರಿಗೆಲ್ಲ ಕಾಡೆಂದರೆ ಹುಚ್ಚು. ಆದರೆ ಪ್ರಾಣಿ ಪಕ್ಷಿಗೆ ಬೇಕಾದ ಉದ್ದದ ಲೆನ್ಸಿನ ಬೆಲೆಗೆ ನನ್ನ ಇಡೀ ಬಿಇ ಫೀ ಕಟ್ಟಬಹುದು. ಇವನು ಕಾಡಿನ ಕಡೆ ನೋಡದೆ ಒಂದು ತಾಂಡಾಕ್ಕೆ ಕರೆದೊಯ್ದ. ಅವನ ಕ್ಲಾಸಿನ ಕೆಲವರು ‘ಲಂಬಾಣಿ ಡ್ರೆಸ್ ಹಾಕಿದ ಅಜ್ಜಿ ಸಿಗ್ತಾಳೆ, ಬಿಡಬೇಡ’ ಎಂದು ಹೇಳಿ ಕಳಿಸಿದ್ದರಂತೆ. ಕನ್ನಡಿ ಚೂರಿನ ಕಸೂತಿ, ದಂತದಂಥ ಬಳೆ, ಆ ಫೋಟೊ ಯಾರು ನೋಡಿಲ್ಲ?

ತಾಂಡಾದಲ್ಲಿ ನಮಗೆ ಕಂಡದ್ದು ಬೀಗಗಳು. ಒಂದು ಸಾಲಿನ ಒಂಬತ್ತು ಮನೆಗಳಲ್ಲಿ ಏಳಕ್ಕೆ ಬೀಗ. ಸುಗ್ಗಿ ಮುಗಿಯುತ್ತಿದ್ದ ಹಾಗೆ ಜನ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಬಹಳ ಮಂದಿ ಕಟ್ಟಡದ ಕೆಲಸಕ್ಕೆ. ಅಂದರೆ ನಮ್ಮ ಕಲ್ಲು ಸಿಮೆಂಟಾಗಿ ರೈಲಿನಲ್ಲಿ ಹೋಗುತ್ತದೆ, ಅದನ್ನು ಕಲಸಲು ನಮ್ಮ ಜನ ಹಿಂದೆ ಹೋಗುತ್ತಾರೆ. ಏಳು ಬೀಗಗಳನ್ನೂ ಒಂದೇ ಅಂತರದಿಂದ, ಒಂದೇ ಎತ್ತರದಿಂದ ತೆಗೆದ. ಪಕ್ಕದ ಮನೆಯ ಅಜ್ಜಿ ಮೊಮ್ಮಗನನ್ನು ಸೊಂಟಕ್ಕೆ ಎತ್ತಿಕೊಂಡು ಬಂದು, ಯಾರ ಮನೆ, ಯಾವ ಊರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಒಂದೊಂದನ್ನೇ ಹೇಳುತ್ತ ಬಂದರು. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಕೊನೆಯಲ್ಲಿ ಅಜ್ಜಿ, ‘ಈ ಕೂಸಿಂದ ಒಂದ್ ತೆಗಿ, ಪುಣೆದಾಗ ಇದರಪ್ಪ ಅದಾನ, ಅವನಿಗಿ ಹಾಕು’ ಎಂದು ನಂಬರ್ ಹೇಳಿದರು. ‘ಆಯ್ತು ಯಾಡಿ’ ಎಂದು ಅಲ್ಲೇ ವಾಟ್ಸ್‌ಆ್ಯಪ್ ಮಾಡಿದ. ನಾವು ಚಹಾ ಕುಡಿಯುವುದರೊಳಗೆ ಆ ಕಡೆಯಿಂದ ವಿಡಿಯೊ ಕಾಲ್ ಬಂತು. ಹಿಂದೆ ಅರ್ಧ ಕಟ್ಟಿದ ಕಾಂಕ್ರೀಟ್ ಕಂಬಗಳು ಕಾಣುತ್ತಿದ್ದವು.

ಇಷ್ಟರ ನಡುವೆ ಹೊಟ್ಟೆಪಾಡಿನ ಕೆಲಸವೂ ನಡೆದಿತ್ತು. ಮದುವೆ ಸೀಸನ್ನಿನಲ್ಲಿ ಅವನು ಸೇಡಂನಲ್ಲಿ, ಕಲಬುರಗಿಯಲ್ಲಿ ಅಸಿಸ್ಟೆಂಟ್ ಆಗಿ ಹೋಗುತ್ತಾನೆ, ದಿನಕ್ಕೆ 1,500 ರೂಪಾಯಿ. ಅಕ್ಷತೆ ಬೀಳುವ ಕ್ಷಣ ಎರಡನೇ ಸಲ ಬರುವುದಿಲ್ಲ, ಆ ಒತ್ತಡದಲ್ಲಿ ಕಲಿಯುವುದನ್ನು ಯಾವ ಕ್ಲಾಸೂ ಕಲಿಸದು ಎನ್ನುತ್ತಾನೆ. ಮದುವೆ ಫೋಟೊ ಕೀಳು ಎಂದು ಅವನು ಯಾವತ್ತೂ ಅಂದಿಲ್ಲ. ಆದರೆ ಆಷಾಢ ಬಂದರೆ ಕೆಲಸವಿಲ್ಲ, ಅಧಿಕಮಾಸ ಬಂದರೆ ಕೆಲಸವಿಲ್ಲ, ಕೆಲಸ ಮಾಡಿದ ದುಡ್ಡಿಗೂ ಅಲೆಯಬೇಕು. ಒಬ್ಬರು ಮೂರು ಮದುವೆಯ ಹಣವನ್ನು ಎಂಟು ತಿಂಗಳು ಸತಾಯಿಸಿದರು.

ಆಮೇಲಿಂದ ಅವನು ಬಾಯಿಮಾತಿನ ಮೇಲೆ ಕೆಲಸ ಹಿಡಿಯುವುದನ್ನು ಬಿಟ್ಟ. ಎಷ್ಟು ಫೋಟೊ, ಯಾವ ದಿನ ಕೊಡಬೇಕು, ಮುಂಗಡ ಎಷ್ಟು, ಚಿತ್ರಗಳ ಹಕ್ಕು ಯಾರದು ಎಂದು ಒಂದು ಪುಟ ಬರೆದು ಕಳಿಸಿ, ‘ಒಪ್ಪಿಗೆ’ ಎಂದು ಉತ್ತರ ಬಂದ ಮೇಲೆಯೇ ಹೊರಡುತ್ತಾನೆ. ಹಕ್ಕಿನ ವಿಷಯ ಫೋಟೊಗ್ರಫಿಗೆ ಇಳಿಯುವ ಎಲ್ಲರೂ ತಿಳಿದಿರಬೇಕಾದದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ಯಾರು ಫೋಟೊ ತೆಗೆಸುತ್ತಾರೋ ಅವರೇ ಅದರ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ. ‘ನಾನೇ ತೆಗೆದದ್ದು, ನನ್ನದೇ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಡ್ರೋನ್ ಹಾರಿಸುವ ಆಸೆ ಇರುವವರಿಗೆ ಇನ್ನೊಂದು: 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿದ ಡ್ರೋನನ್ನು ಮದುವೆಯಂಥ ವ್ಯಾಪಾರದ ಕೆಲಸಕ್ಕೆ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಹತ್ತನೇ ತರಗತಿ ಪಾಸಾಗಿ 18 ತುಂಬಿದವರು ತರಬೇತಿ ಪಡೆದು ಇದನ್ನು ಪಡೆಯಬಹುದು.

‘ಎಐ ಬಂದ ಮ್ಯಾಗ ನಿಮ್ಮ ಕೆಲಸ ಏನ್ಲೇ?’ ಎಂದು ನಾನೊಮ್ಮೆ ಕೆಣಕಿದ್ದೆ. ‘ಸಾಬೂನಿನ ಡಬ್ಬಿ ಫೋಟೊ ತೆಗಿಯೋರಿಗಿ ಕಷ್ಟ ಅದ. ನಿಮ್ಮ ಕೋಡಿಂಗ್‌ನವ್ರಿಗೂ ಅಷ್ಟೇ ಅದಲ್ಲ?’ ಎಂದ. ಪ್ಲೇಸ್‌ಮೆಂಟ್ ಸೆಲ್ ನೋಟಿಸ್ ಬೋರ್ಡ್ ಮುಂದೆ ನಿಂತು ಬಂದಿದ್ದ ನಾನು ಮಾತು ಬದಲಿಸಿದೆ.

ಜನವರಿ ಕೊನೆಯ ಭಾನುವಾರ. 1,100ಕ್ಕೂ ಹೆಚ್ಚು ಚಿತ್ರಗಳಲ್ಲಿ ಮೊದಲು 90 ಆರಿಸಿ, ಸಣ್ಣ ಪ್ರಿಂಟ್ ಹಾಕಿಸಿ, ಪಡಸಾಲೆಯ ಪರಸಿ ಮೇಲೆ ಹರಡಿದ. ತೆಗೆಯುವುದಕ್ಕಿಂತ ಬಿಡುವುದೇ ಕಷ್ಟ ಎಂದು ಅವತ್ತು ನೋಡಿದೆ. ನನಗೆ ಬಹಳ ಹಿಡಿಸಿದ್ದ ವಾಡಿಯ ಕೆಂಪು ಮುಗಿಲಿನ ಫೋಟೊ ಮೊದಲ ಸುತ್ತಿನಲ್ಲೇ ಹೋಯಿತು. ಅತ್ತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ‘ಇವೆರಡೂ ಒಂದೇ ಹೇಳ್ತಾವ, ಒಂದ್ ತೆಗಿ’ ಎಂದರು. ಅದೂ ಹೋಯಿತು. ರಾತ್ರಿ ಹತ್ತಕ್ಕೆ 20 ಉಳಿದವು. ಪ್ರತಿಯೊಂದರ ಹಿಂದೆ ಎಲ್ಲಿ, ಯಾವ ದಿನ, ಯಾರು, ಏನು ಮಾಡುತ್ತಿದ್ದಾರೆ ಎಂದು ಎರಡು ಸಾಲು ಬರೆದಿದ್ದ.

ಮಾಮಾ ಚಷ್ಮಾ ಹಾಕಿಕೊಂಡು ಒಂದೊಂದನ್ನೇ ಕೈಗೆತ್ತಿಕೊಂಡರು. ಅಶೋಕ ಇಲ್ಲ, ಕಾಡಿಲ್ಲ, ಸೂರ್ಯಾಸ್ತವಿಲ್ಲ. ಉಳಿ ಹಿಡಿದ ಹಿರಿಯರನ್ನು ಬಹಳ ಹೊತ್ತು ನೋಡಿದರು. ಬೀಗದ ಫೋಟೊ ಬಂದಾಗ ಕೇಳಿದರು.

‘ಇದು ಯಾರ ಮನಿ?’

ಹೇಳಿದ.

‘ಇದು?’

ಅದನ್ನೂ ಹೇಳಿದ. ಏಳಕ್ಕೆ ಏಳೂ ಹೇಳಿದ, ಹಿಂದಿನ ಬರಹ ನೋಡದೆ. ಯಾರು ಯಾವ ಊರಲ್ಲಿದ್ದಾರೆ, ಎಷ್ಟು ಮಕ್ಕಳನ್ನು ಬಿಟ್ಟು ಹೋಗಿದ್ದಾರೆ ಎಂದು. ಮಾಮಾ ಫೋಟೊಗಳನ್ನು ಜೋಡಿಸಿ, ಅಂಚು ತಟ್ಟಿ ಸಮ ಮಾಡಿ ಇಟ್ಟರು. ಅಡತಿ ಅಂಗಡಿಯಲ್ಲಿ ಚೀಟಿಗಳನ್ನು ಹಾಗೆಯೇ ಇಡುತ್ತಾರೆ. ‘ಒಂದ್ ವರ್ಷ ನೋಡೋಣ’ ಎಂದರು. ಆಮೇಲೆ, ‘ಖರ್ಚಿಂದು ಎಲ್ಲಿ ಬರೀತಿ?’ ಎಂದು ಕೇಳಿದರು. ಮೊಬೈಲಿನಲ್ಲಿ ಎಂದು ಇವನು ಹೇಳಿದ್ದಕ್ಕೆ ತಲೆಯಾಡಿಸಿ, ಒಳಗಿನಿಂದ ಹೊಸ ಕೆಂಪು ಖಾತೆ ಪುಸ್ತಕವೊಂದನ್ನು ತಂದು ಜಮಾ ಒಂದು ಕಡೆ, ಖರ್ಚು ಒಂದು ಕಡೆ ಎಂದು ತಾವೇ ಗೆರೆ ಎಳೆದುಕೊಟ್ಟರು.

ಸ್ಟುಡಿಯೊದವರಿಗೆ ಫೋನ್ ಮಾಡಿ, ನೌಕರಿಗೆ ಬರುವುದಿಲ್ಲ, ಮದುವೆ ಇದ್ದ ದಿನ ದಿನಗೂಲಿಗೆ ಬರುತ್ತೇನೆ ಎಂದು ಹೇಳಿದ್ದಾನೆ. ಅವರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ತಾಂಡಾದವರು ಯುಗಾದಿಗೆ ಬಂದಾಗ ಬೀಗ ತೆಗೆದ ಬಾಗಿಲುಗಳನ್ನು ಅದೇ ಅಂತರದಿಂದ ಮತ್ತೆ ತೆಗೆಯಬೇಕಂತೆ, ಬೈಕ್ ತಯಾರಿಡು ಎಂದಿದ್ದಾನೆ. ಮಾಮಾ ಕೊಟ್ಟ ಖಾತೆ ಪುಸ್ತಕವನ್ನು ಮೊನ್ನೆ ತೆರೆದು ನೋಡಿದೆ. ಮೊದಲ ಪುಟದ ಖರ್ಚಿನ ಕಡೆ ಪ್ರಿಂಟು, ಬಸ್ಸು, ಚಹಾ ಎಲ್ಲ ಇದೆ. ಕೊಡಬೇಕಾದ ಬಾಕಿ ಎಂಬಲ್ಲಿ ನನ್ನ ಹೆಸರಿನ ಮುಂದೆ ‘ಪೆಟ್ರೋಲ್, 640’ ಎಂದು ಬರೆದಿದ್ದಾನೆ.